ಸ್ಕ್ರಿಪ್ಟ್ ಓಡುತ್ತಿರುವುದು ಯಾವ ಆಪರೇಟಿಂಗ್ ಸಿಸ್ಟಂ ಮೇಲೆ? ಗುರುತಿಸುವ ದಾರಿಗಳಲ್ಲಿ ನಿಮಗೆ ಯಾವುದು ಸರಿ

ಡೆವಲಪರ್ ಕೈಯಲ್ಲಿ ಮ್ಯಾಕ್, ಸರ್ವರ್‌ನಲ್ಲಿ ಉಬುಂಟು, ಪರೀಕ್ಷಕರ ಮೇಜಿನ ಮೇಲೆ ವಿಂಡೋಸ್. ಮೂರಕ್ಕೂ ಒಂದೇ ಸ್ಕ್ರಿಪ್ಟ್ ಬರೆಯಲು ಹೊರಟ ತಂಡ ಬೇಗನೆ ಒಂದು ಪ್ರಶ್ನೆಯ ಮುಂದೆ ನಿಲ್ಲುತ್ತದೆ: ತಾನು ಯಾವ ಸಿಸ್ಟಂ ಮೇಲಿದ್ದೇನೆಂದು ಸ್ಕ್ರಿಪ್ಟ್ ತಿಳಿಯುವುದು ಹೇಗೆ? ಯುನೇಮ್ ಕಮಾಂಡ್ ಇದೆ, ಬ್ಯಾಶ್ ಶೆಲ್‌ನ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಓಎಸ್‌ಟೈಪ್ ಎಂಬ ವೇರಿಯಬಲ್ ಇದೆ, ಲಿನಕ್ಸ್‌ನ ಓಎಸ್-ರಿಲೀಸ್ ಫೈಲ್ ಇದೆ, ಪೈಥಾನ್ ಒಂದರಲ್ಲೇ ಮೂರು ದಾರಿಗಳಿವೆ. ಬರೆದವರ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಉತ್ತರಿಸುತ್ತವೆ. ಎಡವುವುದು ಇನ್ನೊಬ್ಬರ ಯಂತ್ರದಲ್ಲಿ, ಅದೂ ಹಲವು ಸಲ ಯಾವ ದೋಷಸೂಚನೆಯೂ ಇಲ್ಲದೆ.

ಯಾವುದು ಒಳ್ಳೆಯದೆಂದು ಕೇಳುವವರನ್ನು ನಾನು ಮೊದಲು ತಿರುಗಿ ಕೇಳುತ್ತೇನೆ: ನಿಮಗೆ ಬೇಕಿರುವುದು ಸಿಸ್ಟಂನ ತಿರುಳಾದ ಕರ್ನಲ್‌ನ ಹೆಸರೇ, ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಡಿಸ್ಟ್ರೋದ ಹೆಸರೇ, ಅಥವಾ ಮುಂದಿನ ಸಾಲಿನಲ್ಲಿ ಬಳಸಲಿರುವ ಕಮಾಂಡ್ ಇಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಮಾಹಿತಿಯೇ? ಇವು ಮೂರು ಬೇರೆ ಪ್ರಶ್ನೆಗಳು. ಒಂದರ ಉತ್ತರವನ್ನು ಇನ್ನೊಂದಕ್ಕೆ ಹೊಂದಿಸಿಕೊಂಡಾಗಲೇ ಇಂಥ ಸ್ಕ್ರಿಪ್ಟ್‌ಗಳು ಮುರಿಯುತ್ತವೆ.

ಯಾವುದರಿಂದ ಅಳೆಯುವುದು

ಮೊದಲನೆಯದು, ಉತ್ತರ ಹುಟ್ಟುವ ಹೊತ್ತು. ಕೆಲವು ದಾರಿಗಳು ಈ ಕ್ಷಣದಲ್ಲಿ ಓಡುತ್ತಿರುವ ಕರ್ನಲ್ ಅನ್ನು ಕೇಳುತ್ತವೆ. ಕೆಲವು ಆ ಶೆಲ್ ಅಥವಾ ಭಾಷೆಯನ್ನು ಕಂಪೈಲ್ ಮಾಡಿದಾಗ ಬರೆದಿಟ್ಟದ್ದನ್ನು ಒಪ್ಪಿಸುತ್ತವೆ. ಎರಡನೆಯದು, ಲಭ್ಯತೆ: ಗುರುತಿಸುವ ಉಪಕರಣವೇ ಅಲ್ಲಿ ಇಲ್ಲದಿದ್ದರೆ ಉಳಿದ ಗುಣಗಳು ವ್ಯರ್ಥ. ಮೂರನೆಯದು, ಉತ್ತರದ ರೂಪ ಆವೃತ್ತಿಯಿಂದ ಆವೃತ್ತಿಗೆ ಎಷ್ಟು ಬದಲಾಗುತ್ತದೆ. ನಾಲ್ಕನೆಯದು, ಎಷ್ಟು ಸೂಕ್ಷ್ಮವಾಗಿ ಬೇರ್ಪಡಿಸುತ್ತದೆ: ಡೆಬಿಯನ್ ಮತ್ತು ಆಲ್ಪೈನ್ ಅನ್ನು, ನಿಜವಾದ ಲಿನಕ್ಸ್ ಮತ್ತು ವಿಂಡೋಸ್‌ನೊಳಗಿನ ಲಿನಕ್ಸ್ ಅನ್ನು. ಇವುಗಳ ಜೊತೆಗೆ ಖರ್ಚು. ಇಲ್ಲಿ ಖರ್ಚೆಂದರೆ ಹೊಸ ಅವಲಂಬನೆ, ಪ್ರತಿ ಸಲ ಹುಟ್ಟುವ ಪ್ರಾಸೆಸ್, ಎಲ್ಲಕ್ಕಿಂತ ಹೆಚ್ಚಾಗಿ ಪರೀಕ್ಷಿಸಲು ಬೇಕಾಗುವ ಯಂತ್ರಗಳು.

ಯುನೇಮ್

ಶೆಲ್ ಸ್ಕ್ರಿಪ್ಟ್‌ಗೆ ನನ್ನ ಮೊದಲ ಆಯ್ಕೆ ಇದೇ. ಯುನೇಮ್ ಯುನಿಕ್ಸ್ ಬಗೆಯ ಸಿಸ್ಟಂಗಳಿಗೆ ಸಾಮಾನ್ಯವಾದ ಪೋಸಿಕ್ಸ್ ಮಾನದಂಡದ ಭಾಗ. ಯುನಿಕ್ಸ್ ವಂಶದ ಎಲ್ಲ ಸಿಸ್ಟಂಗಳಲ್ಲೂ, ವಿಂಡೋಸ್ ಮೇಲೆ ಬ್ಯಾಶ್ ಕೊಡುವ ಗಿಟ್ ಬ್ಯಾಶ್‌ನಲ್ಲೂ ಇದೆ. ಎಸ್ ಆಯ್ಕೆ ಕೊಟ್ಟು ಕರೆದರೆ ಲಿನಕ್ಸ್ ಮೇಲೆ ‘ಲಿನಕ್ಸ್’, ಮ್ಯಾಕ್ ಮೇಲೆ ‘ಡಾರ್ವಿನ್’, ಫ್ರೀಬಿಎಸ್‌ಡಿ ಮೇಲೆ ಅದರದೇ ಹೆಸರು, ಸೊಲಾರಿಸ್ ಮೇಲೆ ‘ಸನ್‌ಓಎಸ್’ ಎನ್ನುತ್ತದೆ. ಮ್ಯಾಕ್‌ಓಎಸ್ ಎಂಬ ಹೆಸರೇ ಬರುವುದಿಲ್ಲ, ಏಕೆಂದರೆ ಯುನೇಮ್ ಹೇಳುವುದು ಮಾರುಕಟ್ಟೆಯ ಹೆಸರನ್ನಲ್ಲ, ಕೆಳಗಿರುವ ಸಿಸ್ಟಂನ ಹೆಸರನ್ನು.

ವಿಂಡೋಸ್ ಮೇಲೆ ಸ್ವಲ್ಪ ಜಾಗ್ರತೆ ಬೇಕು. ಗಿಟ್ ಬ್ಯಾಶ್‌ನಲ್ಲಿ ‘ಮಿಂಗ್‌ಡಬ್ಲ್ಯು64’ ಎಂದು ಶುರುವಾಗಿ, ಎನ್‌ಟಿ ಎಂಬುದನ್ನೂ ಆವೃತ್ತಿ ಸಂಖ್ಯೆಯನ್ನೂ ಬಾಲವಾಗಿ ಹೊತ್ತ ಉದ್ದನೆಯ ಪದ ಬರುತ್ತದೆ. ಸಿಗ್‌ವಿನ್‌ನಲ್ಲಿ ‘ಸಿಗ್‌ವಿನ್’ ಎಂದು, ಎಮ್‌ಸಿಸ್ ಪರಿಸರದಲ್ಲಿ ‘ಎಮ್‌ಸಿಸ್’ ಎಂದು ಶುರುವಾಗುತ್ತದೆ. ಆದ್ದರಿಂದ ಇಡೀ ಪದವನ್ನು ಹೋಲಿಸಬೇಡಿ. ಕೇಸ್ ಹೇಳಿಕೆಯಲ್ಲಿ ಪದದ ಆರಂಭವನ್ನು ಕೊಟ್ಟು ಮುಂದೆ ನಕ್ಷತ್ರ ಚಿಹ್ನೆ ಇಡಿ. ವಿಂಡೋಸ್ ಆವೃತ್ತಿ ಬದಲಾದಂತೆ ಬದಲಾಗುವುದು ಬಾಲವಷ್ಟೇ.

ಓ ಆಯ್ಕೆಯನ್ನು ನಂಬಿ ಬರೆದ ಸ್ಕ್ರಿಪ್ಟ್‌ಗಳೂ ಓಡಾಡುತ್ತಿವೆ. ಲಿನಕ್ಸ್ ಮೇಲೆ ‘ಗ್ನೂ/ಲಿನಕ್ಸ್’ ಎಂದೂ, ಫೋನಿನ ಟರ್ಮಕ್ಸ್‌ನಲ್ಲಿ ‘ಆಂಡ್ರಾಯ್ಡ್’ ಎಂದೂ ಅದು ಉತ್ತರಿಸುವುದು ಉಪಯುಕ್ತವೇ. ಆದರೆ ಆ ಆಯ್ಕೆ ಪೋಸಿಕ್ಸ್‌ನಲ್ಲಿಲ್ಲ. ಮೊದಲು ಎಸ್ ಕೇಳಿ. ಲಿನಕ್ಸ್ ಎಂದು ಗೊತ್ತಾದ ಮೇಲೆ ಆಂಡ್ರಾಯ್ಡ್ ಬೇರ್ಪಡಿಸಬೇಕಾದಾಗ ಮಾತ್ರ ಓ ಕೇಳಿ.

ಖರ್ಚು ಒಂದೇ ಒಂದು ಪ್ರಾಸೆಸ್. ಗಿಟ್ ಬ್ಯಾಶ್‌ನಲ್ಲಿ ಪ್ರಾಸೆಸ್ ಹುಟ್ಟಿಸುವುದು ನಿಧಾನವಾದ್ದರಿಂದ ಲೂಪಿನೊಳಗೆ ಕರೆಯದೆ, ಸ್ಕ್ರಿಪ್ಟ್‌ನ ಆರಂಭದಲ್ಲಿ ಒಮ್ಮೆ ಕೇಳಿ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ.

ಓಎಸ್‌ಟೈಪ್

ಬ್ಯಾಶ್ ಮತ್ತು ಝೆಡ್‌ಶೆಲ್ ಎರಡರಲ್ಲೂ ಈ ವೇರಿಯಬಲ್ ಇದೆ. ಪ್ರಾಸೆಸ್ ಬೇಡ, ಕಾಯುವುದು ಬೇಡ. ಕಂಪೈಲ್ ಮಾಡಿದಾಗಿನ ಗುರಿಯ ಹೆಸರು ಇದರಲ್ಲಿರುವುದರಿಂದ ‘ಲಿನಕ್ಸ್-ಗ್ನೂ’ ಮತ್ತು ‘ಲಿನಕ್ಸ್-ಮಸಲ್’ ಎಂಬ, ಕೆಳಗಿರುವ ಸಿ ಲೈಬ್ರರಿಯ ವ್ಯತ್ಯಾಸವೂ ಕಾಣುತ್ತದೆ. ಮ್ಯಾಕ್‌ನಲ್ಲಿ ಡಾರ್ವಿನ್ ಪಕ್ಕಕ್ಕೆ ಆವೃತ್ತಿ ಸಂಖ್ಯೆ ಅಂಟಿಕೊಂಡಿರುತ್ತದೆ.

ಅಡ್ಡಿ ಎಂದರೆ ಇದು ಶೆಲ್‌ನ ಸೌಕರ್ಯ, ಸಿಸ್ಟಂನದಲ್ಲ. ಉಬುಂಟು 2006ರಲ್ಲೇ, ಡೆಬಿಯನ್ 2011ರಲ್ಲಿ ತಮ್ಮ ಎಸ್‌ಎಚ್ (ಸಿಸ್ಟಂನ ಮೂಲ ಶೆಲ್) ಅನ್ನು ಡ್ಯಾಶ್ ಎಂಬ ಹಗುರ ಶೆಲ್‌ಗೆ ಬದಲಾಯಿಸಿದವು. ಆಲ್ಪೈನ್‌ನಲ್ಲಿ ಅದು ಬ್ಯುಸಿಬಾಕ್ಸ್‌ನ (ಹಲವು ಕಮಾಂಡ್‌ಗಳ ಪುಟ್ಟ ರೂಪಗಳ ಕಟ್ಟು) ಆಶ್. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಎಸ್‌ಎಚ್ ಎಂದು ಬರೆದು ಒಳಗೆ ಓಎಸ್‌ಟೈಪ್ ಬಳಸಿದರೆ, ಮ್ಯಾಕ್‌ನಲ್ಲಿ ಸೊಗಸಾಗಿ ನಡೆದದ್ದು ಡ್ಯಾಶ್ ಕೈಗೆ ಹೋದಾಗ ಖಾಲಿ ಪದವಾಗುತ್ತದೆ. ದೋಷಸೂಚನೆ ಇಲ್ಲ, ಸುಮ್ಮನೆ ಯಾವ ಕವಲಿಗೂ ಹೊಂದುವುದಿಲ್ಲ. ಸ್ಕ್ರಿಪ್ಟ್‌ಗಳ ತಪ್ಪು ಹುಡುಕುವ ಶೆಲ್‌ಚೆಕ್ ಎಂಬ ಉಪಕರಣ ಇದನ್ನು ಹಿಡಿದು ಎಚ್ಚರಿಸುತ್ತದೆ. ಶೆಲ್ ಸ್ಕ್ರಿಪ್ಟ್ ಬರೆಯುವ ಪ್ರತಿಯೊಬ್ಬರೂ ಅದನ್ನು ಇಟ್ಟುಕೊಳ್ಳಬೇಕೆಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ. ಇನ್ನೊಂದು ಸಂಗತಿ: ಹೊರಗಿನಿಂದ ಅದೇ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್ ಬಂದಿದ್ದರೆ ಬ್ಯಾಶ್ ಅದನ್ನೇ ಉಳಿಸಿಕೊಳ್ಳುತ್ತದೆ. ನಿಮ್ಮ ಬ್ಯಾಶ್ ಸೆಟ್ಟಿಂಗ್ ಫೈಲ್‌ಗಳಿಗೆ ಓಎಸ್‌ಟೈಪ್ ಧಾರಾಳವಾಗಿ ಸಾಕು. ಇತರರಿಗೆ ಹಂಚುವ ಸ್ಕ್ರಿಪ್ಟ್‌ಗೆ ಬೇಡ.

ಓಎಸ್-ರಿಲೀಸ್

ಲಿನಕ್ಸ್ ಎಂದು ತಿಳಿದ ಮೇಲೆ ಯಾವ ಲಿನಕ್ಸ್ ಎಂಬುದಕ್ಕೆ ಇಟಿಸಿ ಫೋಲ್ಡರ್‌ನಲ್ಲಿರುವ ಈ ಫೈಲ್‌ಗಿಂತ ಒಳ್ಳೆಯ ಮೂಲ ಇಲ್ಲ. 2012ರಲ್ಲಿ, ಲಿನಕ್ಸ್‌ನ ಸೇವೆಗಳನ್ನು ಶುರುಮಾಡಿ ನಡೆಸುವ ಸಿಸ್ಟಂಡಿ ಯೋಜನೆಯಿಂದ ಬಂದರೂ ಸಿಸ್ಟಂಡಿ ಬಳಸದ ಆಲ್ಪೈನ್‌ನಲ್ಲೂ ಇದೆ. ಹಿಂದೆ ಬಳಕೆಯಲ್ಲಿದ್ದ ಎಲ್‌ಎಸ್‌ಬಿ-ರಿಲೀಸ್ ಕಮಾಂಡ್ ಕಂಟೇನರ್‌ಗಳ (ಆತಿಥೇಯ ಯಂತ್ರದ ಕರ್ನಲ್ ಮೇಲೆಯೇ ಪ್ರತ್ಯೇಕವಾಗಿ ಓಡುವ ಪರಿಸರಗಳು) ಪುಟ್ಟ ಇಮೇಜ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಡೆಬಿಯನ್-ವರ್ಷನ್ ಫೈಲ್ ಇದ್ದರೆ ಡೆಬಿಯನ್ ಎಂದುಕೊಳ್ಳುವುದೂ ತಪ್ಪು, ಅದು ಉಬುಂಟುವಿನಲ್ಲೂ ಇರುತ್ತದೆ.

ಓದಬೇಕಾದದ್ದು ಐಡಿ ಎಂಬ ಸಾಲನ್ನು. ಚೆಂದದ ಹೆಸರಿನ ಸಾಲು ಮನುಷ್ಯರಿಗಾಗಿ ಇರುವುದು. ಅದರ ಮೇಲೆ ಹೋಲಿಕೆ ಮಾಡಬೇಡಿ. ಐಡಿ ಹೊಂದದಿದ್ದರೆ ಐಡಿ-ಲೈಕ್ ನೋಡಿ: ಲಿನಕ್ಸ್ ಮಿಂಟ್ ತನ್ನನ್ನು ಉಬುಂಟು ಮತ್ತು ಡೆಬಿಯನ್ ಬಳಗದ್ದೆಂದೂ, ರಾಕಿ ಲಿನಕ್ಸ್ ತನ್ನನ್ನು ರೆಡ್‌ಹ್ಯಾಟ್, ಸೆಂಟ್‌ಓಎಸ್, ಫೆಡೋರಾ ಬಳಗದ್ದೆಂದೂ ಅಲ್ಲಿ ಹೇಳಿಕೊಳ್ಳುತ್ತವೆ. ನೀವು ಹೆಸರೇ ಕೇಳಿರದ ಡಿಸ್ಟ್ರೋ ಮೇಲೂ ಸ್ಕ್ರಿಪ್ಟ್ ನಡೆಯುವುದು ಈ ಒಂದು ಸಾಲಿನ ಉಪಕಾರದಿಂದ. ಆವೃತ್ತಿಯ ಸಾಲು ಎಲ್ಲೆಡೆ ಇರುತ್ತದೆಂಬ ನಂಬಿಕೆ ಬೇಡ. ಆರ್ಚ್‌ನಂಥ ನಿರಂತರ ನವೀಕರಣದ ಡಿಸ್ಟ್ರೋಗಳಿಗೆ ಆವೃತ್ತಿ ಎಂಬುದೇ ಇಲ್ಲ.

ಈ ಫೈಲ್ ಅನ್ನು ಶೆಲ್‌ಗೆ ನೇರವಾಗಿ ಸೇರಿಸಿಕೊಂಡು ಓದಬಹುದು, ಅದಕ್ಕೆಂದೇ ಆ ರೂಪದಲ್ಲಿದೆ. ಆದರೆ ಆಗ ನೇಮ್, ವರ್ಷನ್ ಮುಂತಾದ ವೇರಿಯಬಲ್‌ಗಳು ನಿಮ್ಮವನ್ನು ತುಳಿದುಬಿಡುತ್ತವೆ. ಆವರಣದೊಳಗಿನ ಉಪಶೆಲ್‌ನಲ್ಲಿ ಸೇರಿಸಿಕೊಂಡು, ಐಡಿಯನ್ನಷ್ಟೇ ಹೊರಗೆ ಮುದ್ರಿಸಿ ತೆಗೆದುಕೊಳ್ಳಿ. ಸಮ ಚಿಹ್ನೆಯ ಮುಂದಿನದನ್ನು ಕತ್ತರಿಸಿ ತೆಗೆಯುವವರು ಉದ್ಧರಣ ಚಿಹ್ನೆಗಳಲ್ಲಿ ಸಿಕ್ಕಿಬೀಳುತ್ತಾರೆ. ಕೆಲವು ಡಿಸ್ಟ್ರೋಗಳು ಮೌಲ್ಯವನ್ನು ಉದ್ಧರಣದೊಳಗೆ ಇಡುತ್ತವೆ, ಕೆಲವು ಇಡುವುದಿಲ್ಲ.

ಕಂಟೇನರ್‌ಗಳಲ್ಲಿ ಯುನೇಮ್ ಮತ್ತು ಓಎಸ್-ರಿಲೀಸ್ ಎರಡು ಬೇರೆ ಲೋಕಗಳ ಸಂಗತಿ ಹೇಳುತ್ತವೆ ಎಂಬುದು ನೆನಪಿರಲಿ. ಯುನೇಮ್ ಕೊಡುವ ಕರ್ನಲ್ ಆವೃತ್ತಿ ಆತಿಥೇಯ ಯಂತ್ರದ್ದು. ಓಎಸ್-ರಿಲೀಸ್ ಹೇಳುವುದು ಇಮೇಜ್‌ನದು. ಪ್ಯಾಕೇಜ್ ಸ್ಥಾಪಿಸಲು ಬೇಕಿರುವುದು ಎರಡನೆಯದು.

ವಿಂಡೋಸ್‌ನೊಳಗಿನ ಲಿನಕ್ಸ್

ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಕರ್ಯವಾದ ಡಬ್ಲ್ಯುಎಸ್‌ಎಲ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮೇಲೆ ಹೇಳಿದ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದು ಇಲ್ಲಿಯೇ.

ಇಲ್ಲಿ ಯುನೇಮ್ ‘ಲಿನಕ್ಸ್’ ಎನ್ನುತ್ತದೆ, ಓಎಸ್-ರಿಲೀಸ್ ‘ಉಬುಂಟು’ ಎನ್ನುತ್ತದೆ. ಎರಡೂ ನಿಜ. ಆದರೆ ಬ್ರೌಸರ್ ತೆರೆಯಬೇಕೆಂದರೆ, ಕ್ಲಿಪ್‌ಬೋರ್ಡ್‌ಗೆ ಬರೆಯಬೇಕೆಂದರೆ ಮಾತನಾಡಬೇಕಾದದ್ದು ವಿಂಡೋಸ್ ಜೊತೆ. ಗುರುತಿಸಲು ಜನ ಬಳಸುವ ದಾರಿ, ಯುನೇಮ್‌ಗೆ ಆರ್ ಆಯ್ಕೆ ಕೊಟ್ಟು ಸಿಗುವ ಕರ್ನಲ್ ಆವೃತ್ತಿಯಲ್ಲಿ ‘ಮೈಕ್ರೋಸಾಫ್ಟ್’ ಪದ ಹುಡುಕುವುದು. ಮೊದಲ ಪೀಳಿಗೆಯ ಡಬ್ಲ್ಯುಎಸ್‌ಎಲ್‌ನಲ್ಲಿ ಅದರ ಮೊದಲ ಅಕ್ಷರ ದೊಡ್ಡದು, ಎರಡನೆಯ ಪೀಳಿಗೆಯಲ್ಲಿ ಚಿಕ್ಕದು. ಆದ್ದರಿಂದ ಅಕ್ಷರದ ಗಾತ್ರ ಲೆಕ್ಕಿಸದೆ ಹುಡುಕಿ. ಡಿಸ್ಟ್ರೋ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್ ಕೂಡ ಇದೆ, ಆದರೆ ಆಡಳಿತಗಾರರ ಹಕ್ಕು ಕೊಡುವ ಸುಡೋ ಬಳಸಿದಾಗ ಅದು ಕಳೆದುಹೋಗುತ್ತದೆ.

ಕರ್ನಲ್ ಹೆಸರಿನ ಹುಡುಕಾಟ ಬಹುಪಾಲು ಸರಿ, ಪೂರ್ತಿ ಅಲ್ಲ. ವಿಂಡೋಸ್ ಮೇಲೆ ಡಾಕರ್ ಡೆಸ್ಕ್‌ಟಾಪ್ ಡಬ್ಲ್ಯುಎಸ್‌ಎಲ್ ಆಧಾರದಲ್ಲಿ ಓಡುತ್ತಿದ್ದರೆ, ಅದರೊಳಗಿನ ಪ್ರತಿ ಕಂಟೇನರ್‌ನಲ್ಲೂ ಕರ್ನಲ್ ಆವೃತ್ತಿ ‘ಮೈಕ್ರೋಸಾಫ್ಟ್’ ಎಂದೇ ಹೇಳುತ್ತದೆ. ಆದರೆ ಆ ಕಂಟೇನರ್‌ನಿಂದ ವಿಂಡೋಸ್‌ನ ಕ್ಲಿಪ್ ಪ್ರೋಗ್ರಾಂ ಕೈಗೆ ಸಿಗುವುದಿಲ್ಲ. ಸಿಸ್ಟಂ ಯಾವುದೆಂದು ಸರಿಯಾಗಿ ಕಂಡುಹಿಡಿದೂ ಸ್ಕ್ರಿಪ್ಟ್ ಬಿದ್ದುಹೋಗುತ್ತದೆ.

ಹಾಗಾಗಿ ಕ್ಲಿಪ್‌ಬೋರ್ಡ್‌ಗೆ ಬರೆಯುವ ಸ್ಕ್ರಿಪ್ಟ್ ಆಪರೇಟಿಂಗ್ ಸಿಸ್ಟಂ ಅನ್ನು ಕೇಳಲೇಬಾರದು. ಶೆಲ್‌ನ ‘ಕಮಾಂಡ್ -ವಿ’ ಬಳಸಿ ಒಂದೊಂದೇ ಪ್ರೋಗ್ರಾಂ ಇದೆಯೇ ಎಂದು ಕೇಳಬೇಕು: ಮ್ಯಾಕ್‌ನ ಪಿಬಿಕಾಪಿ, ವಿಂಡೋಸ್‌ನ ಕ್ಲಿಪ್, ಲಿನಕ್ಸ್‌ನ ಪರದೆ ವ್ಯವಸ್ಥೆಗಳಲ್ಲಿ ವೇಲ್ಯಾಂಡ್‌ನ ಡಬ್ಲ್ಯುಎಲ್-ಕಾಪಿ, ಎಕ್ಸ್ ಕಡೆಯ ಎಕ್ಸ್‌ಕ್ಲಿಪ್. ಮೊದಲು ಸಿಕ್ಕಿದ್ದನ್ನು ಬಳಸಿದರಾಯಿತು. ಕನ್ನಡ ಪಠ್ಯ ಕಳಿಸುವವರಿಗೆ ಇನ್ನೊಂದು ಮಾತು: ವಿಂಡೋಸ್‌ನ ಕ್ಲಿಪ್‌ಗೆ ಯುಟಿಎಫ್-8 ಪಠ್ಯವನ್ನು ಹಾಗೆಯೇ ಪೈಪ್ ಮಾಡಿದರೆ ಅಕ್ಷರಗಳು ಕಲಸಿಹೋಗುತ್ತವೆ, ಮೊದಲು ಐಕನ್ವ್ ಮೂಲಕ ಯುಟಿಎಫ್-16 ಲಿಟಲ್ ಎಂಡಿಯನ್‌ಗೆ ಬದಲಾಯಿಸಿ ಕಳಿಸಿ. ಇದು ಸಿಸ್ಟಂನ ಗುಣವಲ್ಲ, ಆ ಒಂದು ಪ್ರೋಗ್ರಾಂನ ಗುಣ. ಕವಲು ಇರಬೇಕಾದದ್ದು ಅಲ್ಲಿಯೇ.

ಸಾಮರ್ಥ್ಯವನ್ನೇ ಕೇಳುವುದು

ಮೇಲಿನದು ಸಾಮರ್ಥ್ಯ ಪರೀಕ್ಷೆಯ ಒಂದು ಉದಾಹರಣೆ. ಸ್ಕ್ರಿಪ್ಟ್‌ಗಳಲ್ಲಿ ‘ಡಾರ್ವಿನ್ ಆದರೆ ಹೀಗೆ, ಲಿನಕ್ಸ್ ಆದರೆ ಹಾಗೆ’ ಎಂದು ಬರೆದ ಕವಲುಗಳನ್ನು ಬಿಡಿಸಿ ನೋಡಿ; ಬಹಳಷ್ಟರ ಒಳಗೆ ಗ್ನೂ (ಹೆಚ್ಚಿನ ಲಿನಕ್ಸ್‌ಗಳಲ್ಲಿರುವ) ಮತ್ತು ಬಿಎಸ್‌ಡಿ (ಮ್ಯಾಕ್‌ನಲ್ಲಿರುವ) ಉಪಕರಣಗಳ ನಡುವಿನ ಜಗಳವೇ ಇರುತ್ತದೆ. ಪಠ್ಯ ತಿದ್ದುವ ಸೆಡ್ ಕಮಾಂಡ್‌ನ ಗ್ನೂ ರೂಪಕ್ಕೆ ಫೈಲ್ ಅನ್ನು ಅಲ್ಲೇ ತಿದ್ದುವ ಐ ಆಯ್ಕೆಯೊಂದೇ ಸಾಕು. ಮ್ಯಾಕ್‌ನ ಬಿಎಸ್‌ಡಿ ಸೆಡ್ ಅದರ ಹಿಂದೆ ಬ್ಯಾಕಪ್ ಪ್ರತ್ಯಯ ಕೇಳುತ್ತದೆ, ಖಾಲಿಯಾದರೂ ಸರಿ. ನಿನ್ನೆಯ ದಿನಾಂಕಕ್ಕೆ ಗ್ನೂ ಡೇಟ್‌ನಲ್ಲಿ ಡಿ ಆಯ್ಕೆ, ಮ್ಯಾಕ್‌ನಲ್ಲಿ ವಿ ಆಯ್ಕೆ. ಫೈಲ್‌ನ ವಿವರ ಕೊಡುವ ಸ್ಟ್ಯಾಟ್‌ಗೆ ಒಂದು ಕಡೆ ಸಿ, ಇನ್ನೊಂದು ಕಡೆ ಎಫ್.

ಇವನ್ನು ಕರ್ನಲ್ ಹೆಸರಿನಿಂದ ಊಹಿಸಿದರೆ ಎರಡು ಕಡೆ ಏಟು ಬೀಳುತ್ತದೆ. ಹೋಮ್‌ಬ್ರೂ ಎಂಬ ಪ್ಯಾಕೇಜ್ ಸ್ಥಾಪಕದ ಮೂಲಕ ಗ್ನೂ ಉಪಕರಣಗಳನ್ನು ಹಾಕಿಕೊಂಡು ಪಾತ್‌ನಲ್ಲಿ ಮುಂದಿಟ್ಟುಕೊಂಡ ಮ್ಯಾಕ್ ಬಳಕೆದಾರರಿದ್ದಾರೆ: ಡಾರ್ವಿನ್ ನಿಜ, ಸೆಡ್ ಮಾತ್ರ ಗ್ನೂ. ಇತ್ತ ಆಲ್ಪೈನ್ ನಿಜವಾದ ಲಿನಕ್ಸ್, ಅಲ್ಲಿನ ಡೇಟ್ ಬ್ಯುಸಿಬಾಕ್ಸ್‌ನದು; ಡಿ ಆಯ್ಕೆ ಇದ್ದರೂ ‘ನಿನ್ನೆ’ ಎಂಬರ್ಥದ ಪದ ಅದಕ್ಕೆ ಅರ್ಥವಾಗುವುದಿಲ್ಲ.

ಪರಿಹಾರಗಳಲ್ಲಿ ಒಂದು ಮೇಲುಕೀಳಿನ ಕ್ರಮವಿದೆ. ಎಲ್ಲಕ್ಕಿಂತ ಮೇಲು, ಕವಲೇ ಬೇಡವಾದ ರೂಪ: ಸೆಡ್‌ನ ಐ ಆಯ್ಕೆಗೆ ಪ್ರತ್ಯಯವನ್ನು ಜಾಗ ಬಿಡದೆ ಅಂಟಿಸಿ ಬರೆದರೆ ಎರಡೂ ಕಡೆ ನಡೆಯುತ್ತದೆ, ಆಮೇಲೆ ಬ್ಯಾಕಪ್ ಫೈಲ್ ಅಳಿಸಿದರಾಯಿತು. ಅದಾಗದಿದ್ದರೆ ಉಪಕರಣವನ್ನೇ ಕೇಳಿ: ಗ್ನೂ ಡೇಟ್‌ಗೆ ವರ್ಷನ್ ಆಯ್ಕೆ ಗೊತ್ತು, ಮ್ಯಾಕ್‌ನದಕ್ಕೂ ಬ್ಯುಸಿಬಾಕ್ಸ್‌ನದಕ್ಕೂ ಗೊತ್ತಿಲ್ಲ. ಪರೀಕ್ಷೆಗೆ ಬಳಸುವ ಆಯ್ಕೆ ಇನ್ನೊಂದು ಸಿಸ್ಟಂನಲ್ಲಿ ಬೇರೇನನ್ನೋ ಮಾಡುವಂತಿರಬಾರದು. ಹಳೆಯ ಫ್ರೀಬಿಎಸ್‌ಡಿಯಲ್ಲಿ ಡೇಟ್‌ನ ಡಿ ಆಯ್ಕೆ ಕರ್ನಲ್‌ನ ಬೇಸಿಗೆ ಸಮಯದ ಸೆಟ್ಟಿಂಗ್ ಬದಲಿಸಲು ಮೀಸಲಾಗಿತ್ತು. ಸಿಸ್ಟಂಡಿ ಓಡುತ್ತಿದೆಯೇ ಎಂಬುದಕ್ಕೂ ಡಿಸ್ಟ್ರೋ ಹೆಸರು ಬೇಕಿಲ್ಲ. ರನ್ ಫೋಲ್ಡರ್‌ನೊಳಗೆ ಸಿಸ್ಟಂಡಿ, ಅದರೊಳಗೆ ಸಿಸ್ಟಂ ಎಂಬ ಫೋಲ್ಡರ್ ಇದೆಯೇ ನೋಡಿದರೆ ಸಾಕು.

ಸಾಮರ್ಥ್ಯ ಪರೀಕ್ಷೆಗೂ ಮಿತಿ ಇದೆ. ಪ್ಯಾಕೇಜ್ ಸ್ಥಾಪಿಸುವ ಆಪ್ಟ್ ಕಮಾಂಡ್ ಸಿಕ್ಕಿತೆಂದ ಮಾತ್ರಕ್ಕೆ ಅದು ಡೆಬಿಯನ್ ಬಳಗ ಎನ್ನಲಾಗದು, ಫೆಡೋರಾದಲ್ಲೂ ಅದನ್ನು ಸ್ಥಾಪಿಸಿಕೊಳ್ಳಬಹುದು. ಪ್ಯಾಕೇಜ್‌ಗಳ ಹೆಸರುಗಳೂ ಡಿಸ್ಟ್ರೋಗೆ ತಕ್ಕಂತೆ ಬೇರೆ. ಅಲ್ಲಿ ಓಎಸ್-ರಿಲೀಸ್ ಕಡೆಗೇ ಹೋಗಬೇಕು.

ಪೈಥಾನ್, ನೋಡ್, ಪವರ್‌ಶೆಲ್

ಪೈಥಾನ್‌ನಲ್ಲಿ ಓಎಸ್ ಮಾಡ್ಯೂಲ್‌ನ ನೇಮ್ ‘ಪೋಸಿಕ್ಸ್’ ಅಥವಾ ‘ಎನ್‌ಟಿ’ ಎಂದಷ್ಟೇ ಹೇಳುತ್ತದೆ. ವಿಂಡೋಸೋ ಅಲ್ಲವೋ ಎಂಬುದಷ್ಟೇ ಬೇಕಿದ್ದರೆ ಸಾಕು. ಸಿಸ್ ಮಾಡ್ಯೂಲ್‌ನ ಪ್ಲಾಟ್‌ಫಾರ್ಮ್ ಕಂಪೈಲ್ ಹೊತ್ತಿನ ಉತ್ತರ: ‘ಲಿನಕ್ಸ್’, ‘ಡಾರ್ವಿನ್’, ‘ವಿನ್32’, 64 ಬಿಟ್ ವಿಂಡೋಸ್ ಮೇಲೂ ವಿನ್32 ಎಂದೇ. ಪ್ಲಾಟ್‌ಫಾರ್ಮ್ ಮಾಡ್ಯೂಲ್‌ನ ‘ಸಿಸ್ಟಂ’ ಎಂಬ ಕರೆ ‘ವಿಂಡೋಸ್’, ‘ಡಾರ್ವಿನ್’ ಎಂದು ಓದಲು ಹಿತವಾಗಿ ಕೊಡುತ್ತದೆ, ಸಂದೇಶ ಮುದ್ರಿಸಲು ಚೆನ್ನ. ತರ್ಕದ ಕವಲಿಗೆ ನಾನು ಸಿಸ್ ಪ್ಲಾಟ್‌ಫಾರ್ಮ್ ಅನ್ನೇ ಆರಿಸುತ್ತೇನೆ, ಆದರೆ ಪದದ ಆರಂಭವನ್ನು ಹೋಲಿಸುತ್ತೇನೆ. ಪೈಥಾನ್ 3.14ಕ್ಕಿಂತ ಮೊದಲು ಫ್ರೀಬಿಎಸ್‌ಡಿಯಲ್ಲಿ ಹೆಸರಿಗೆ ಆವೃತ್ತಿ ಸಂಖ್ಯೆ ಅಂಟಿಕೊಳ್ಳುತ್ತಿತ್ತು, 3.3ಕ್ಕಿಂತ ಮೊದಲು ಲಿನಕ್ಸ್ ಕೂಡ ‘ಲಿನಕ್ಸ್2’ ಆಗಿತ್ತು. 3.13ರಿಂದ ಆಂಡ್ರಾಯ್ಡ್ ಮೇಲೆ ಉತ್ತರ ‘ಲಿನಕ್ಸ್’ ಅಲ್ಲ, ‘ಆಂಡ್ರಾಯ್ಡ್’. ಟರ್ಮಕ್ಸ್ ಬಳಸುವವರಿಗಾಗಿ ಬರೆದಿದ್ದರೆ ಒಂದು ಕವಲು ಸೇರಿಸಿ.

ಒಂದು ಬಲೆಯನ್ನು ವಿಶೇಷವಾಗಿ ಹೇಳಬೇಕು. ಪದದೊಳಗೆ ‘ವಿನ್’ ಇದೆಯೇ ಎಂದು ಹುಡುಕಿ ವಿಂಡೋಸ್ ಎಂದು ತೀರ್ಮಾನಿಸುವ ಕೋಡ್ ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಆಗಾಗ ಕಾಣುತ್ತದೆ. ಡಾರ್ವಿನ್‌ನ ಕೊನೆಯ ಮೂರು ಇಂಗ್ಲಿಷ್ ಅಕ್ಷರಗಳೂ ಅವೇ. ಪ್ರತಿ ಮ್ಯಾಕ್ ವಿಂಡೋಸ್ ಆಗಿಬಿಡುತ್ತದೆ.

ಡಿಸ್ಟ್ರೋ ಬೇಕಾದರೆ ಪೈಥಾನ್ 3.10ರಿಂದ ಓಎಸ್-ರಿಲೀಸ್ ಓದುವ ಕರೆ ಪ್ಲಾಟ್‌ಫಾರ್ಮ್ ಮಾಡ್ಯೂಲ್‌ನಲ್ಲೇ ಇದೆ. ಹಳೆಯ ಲಿನಕ್ಸ್-ಡಿಸ್ಟ್ರಿಬ್ಯೂಷನ್ ಕರೆಯನ್ನು 3.8ರಲ್ಲಿ ತೆಗೆದುಹಾಕಲಾಯಿತು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಪ್ರಾಸೆಸ್‌ನ ಪ್ಲಾಟ್‌ಫಾರ್ಮ್ ಒಂದೇ ಸಾಕು. ಅಲ್ಲೂ ವಿಂಡೋಸ್ ಎಂದರೆ ‘ವಿನ್32’. ಗಿಟ್ ಬ್ಯಾಶ್‌ನಿಂದ ವಿಂಡೋಸ್‌ನ ಪೈಥಾನ್ ಅಥವಾ ನೋಡ್ ಕರೆದಾಗ ಶೆಲ್ ‘ಮಿಂಗ್‌ಡಬ್ಲ್ಯು’ ಎನ್ನುವಾಗಲೇ ಇವು ‘ವಿನ್32’ ಎನ್ನುತ್ತವೆ. ಶೆಲ್‌ನಲ್ಲಿ ಗುರುತಿಸಿದ ಹೆಸರನ್ನು ಅವಕ್ಕೆ ದಾಟಿಸದೆ, ಪ್ರತಿಯೊಂದೂ ತಾನೇ ಕೇಳಿಕೊಳ್ಳಲಿ.

ಮೈಕ್ರೋಸಾಫ್ಟ್‌ನ ಶೆಲ್ ಆದ ಪವರ್‌ಶೆಲ್‌ನಲ್ಲಿ ಆವೃತ್ತಿ 6ರಿಂದ ಈಸ್‌ವಿಂಡೋಸ್, ಈಸ್‌ಲಿನಕ್ಸ್, ಈಸ್‌ಮ್ಯಾಕ್‌ಓಎಸ್ ಎಂಬ ಸಿದ್ಧ ವೇರಿಯಬಲ್‌ಗಳಿವೆ. ಆದರೆ ವಿಂಡೋಸ್ 11ರ ಜೊತೆ ಇಂದಿಗೂ ಬರುವುದು 5.1, ಅದರಲ್ಲಿ ಈ ವೇರಿಯಬಲ್‌ಗಳಿಲ್ಲ, ಇಲ್ಲದ್ದು ಸುಳ್ಳಿಗೆ ಸಮ. ‘ವಿಂಡೋಸ್ ಅಲ್ಲ’ ಎಂದು ನೇರವಾಗಿ ಪರೀಕ್ಷಿಸಿದರೆ ವಿಂಡೋಸ್ ಮೇಲೆಯೇ ತಪ್ಪು ದಾರಿ ಹಿಡಿಯುತ್ತದೆ. ಮೊದಲು ಆವೃತ್ತಿ 6ಕ್ಕಿಂತ ಕಡಿಮೆಯೇ ಎಂದು ಕೇಳಿ, ಹೌದಾದರೆ ವಿಂಡೋಸ್ ಎಂದೇ ತೀರ್ಮಾನಿಸಿ. ಬಿಲ್ಡ್ ಹಂತಗಳನ್ನು ಬರೆದಿಡುವ ಮೇಕ್‌ಫೈಲ್‌ನಲ್ಲಿ ಓಎಸ್ ವೇರಿಯಬಲ್ ‘ವಿಂಡೋಸ್_ಎನ್‌ಟಿ’ ಆಗಿದೆಯೇ ನೋಡಿ, ಅಲ್ಲದಿದ್ದರೆ ಯುನೇಮ್ ಕರೆಯುವುದು ರೂಢಿ.

ನಿಮ್ಮ ಅಗತ್ಯಕ್ಕೆ ಯಾವುದು

ನಿಮ್ಮದೇ ಎರಡು ಮೂರು ಯಂತ್ರಗಳಿಗೆ ಬರೆಯುತ್ತಿದ್ದರೆ ಓಎಸ್‌ಟೈಪ್ ಅಥವಾ ಯುನೇಮ್, ಕೈಗೆ ಹತ್ತಿದ್ದು ಸಾಕು. ಹೆಚ್ಚಿನ ಶ್ರಮ ಇಲ್ಲಿ ದಂಡ.

ತಂಡದ ಬಿಲ್ಡ್ ಮತ್ತು ಡಿಪ್ಲಾಯ್ ಸ್ಕ್ರಿಪ್ಟ್‌ಗಳಿಗೆ ಯುನೇಮ್ ಒಂದು ಕಡೆ, ಉಳಿದೆಡೆ ಸಾಮರ್ಥ್ಯ ಪರೀಕ್ಷೆ. ತಂಡದ ಎಲ್ಲರ ಬಳಿ ಪೈಥಾನ್ ಅಥವಾ ನೋಡ್ ಹೇಗೂ ಇದ್ದರೆ, ಕವಲುಗಳು ಹೆಚ್ಚುತ್ತಿದ್ದಂತೆ ಶೆಲ್ ಬಿಟ್ಟು ಅತ್ತ ಹೋಗುವುದು ಮೇಲು. ಫೈಲ್ ತಿದ್ದುವುದು, ದಿನಾಂಕ ಲೆಕ್ಕ, ಪಾತ್ ಜೋಡಣೆ ಎಲ್ಲವೂ ಅಲ್ಲಿ ಎಲ್ಲ ಸಿಸ್ಟಂಗಳಲ್ಲಿ ಒಂದೇ ರೀತಿ ನಡೆಯುತ್ತವೆ, ಕವಲುಗಳು ತಾವಾಗಿಯೇ ಉದುರುತ್ತವೆ. ವಿಂಡೋಸ್ ಬಳಸುವವರಿದ್ದರೆ ಗಿಟ್‌ನ ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಶೆಲ್ ಸ್ಕ್ರಿಪ್ಟ್‌ಗಳ ಸಾಲಿನ ಅಂತ್ಯವನ್ನು ಯುನಿಕ್ಸ್ ರೀತಿಯ ಎಲ್‌ಎಫ್ ಚಿಹ್ನೆಗೆ ಕಟ್ಟಿಹಾಕಿ. ಇಲ್ಲದಿದ್ದರೆ ಗುರುತಿಸುವ ಸಾಲು ತಲುಪುವ ಮೊದಲೇ ಸ್ಕ್ರಿಪ್ಟ್ ಬೀಳಬಹುದು.

ಯಾರು ಬೇಕಾದರೂ ಇಳಿಸಿಕೊಂಡು ಓಡಿಸುವ ಇನ್‌ಸ್ಟಾಲರ್ ಅತ್ಯಂತ ಕಠಿಣ. ಅಲ್ಲಿ ಪೋಸಿಕ್ಸ್ ಶೆಲ್ ಬಿಟ್ಟು ಬೇರೇನನ್ನೂ ನೆಚ್ಚುವಂತಿಲ್ಲ: ಯುನೇಮ್‌ನ ಎಸ್ ಮತ್ತು ಎಮ್ ಆಯ್ಕೆಗಳು, ಲಿನಕ್ಸ್ ಆದರೆ ಓಎಸ್-ರಿಲೀಸ್. ಎಮ್ ಆಯ್ಕೆಯಿಂದ ಬರುವ ಪ್ರಾಸೆಸರ್ ಹೆಸರಿಗೆ ಎಚ್ಚರ. ಒಂದೇ ಬಗೆಯ ಚಿಪ್ ಅನ್ನು ಮ್ಯಾಕ್ ‘ಆರ್ಮ್64’ ಎಂದರೆ ಲಿನಕ್ಸ್ ‘ಎಆರ್ಚ್64’ ಎನ್ನುತ್ತದೆ; ಆಪಲ್ ಚಿಪ್‌ನ ಮ್ಯಾಕ್‌ನಲ್ಲಿ ಟರ್ಮಿನಲ್, ಇಂಟೆಲ್ ಪ್ರೋಗ್ರಾಂಗಳನ್ನು ಓಡಿಸುವ ರೊಸೆಟ್ಟಾ ಮೂಲಕ ಓಡುತ್ತಿದ್ದರೆ ಇಂಟೆಲ್‌ನ ಹೆಸರೇ ಬರುತ್ತದೆ. ಸಿದ್ಧ ಬೈನರಿ ಹಂಚುವವರು ಆಲ್ಪೈನ್‌ಗಾಗಿ ಮಸಲ್ ಲೈಬ್ರರಿಯ ಪ್ರತಿಯನ್ನೂ ಇಡಬೇಕು. ಗ್ಲಿಬ್‌ಸಿ (ಗ್ನೂವಿನ ಸಿ ಲೈಬ್ರರಿ) ನೆಚ್ಚಿದ ಬೈನರಿ ಅಲ್ಲಿ ‘ಫೈಲ್ ಸಿಗಲಿಲ್ಲ’ ಎಂಬ ದಾರಿ ತಪ್ಪಿಸುವ ಸಂದೇಶ ಕೊಟ್ಟು ನಿಲ್ಲುತ್ತದೆ.

ಪರೀಕ್ಷೆಯ ಖರ್ಚು ಎಲ್ಲ ಕಡೆ ಒಂದೇ ಅಲ್ಲ. ಲಿನಕ್ಸ್ ಡಿಸ್ಟ್ರೋಗಳು ಕಂಟೇನರ್‌ಗಳಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಡೆಬಿಯನ್, ಫೆಡೋರಾ, ಆಲ್ಪೈನ್ ಮೂರರಲ್ಲಿ ಓಡಿಸಿದರೆ ಹೆಚ್ಚಿನ ದೋಷಗಳು ಹೊರಬೀಳುತ್ತವೆ. ಮ್ಯಾಕ್‌ಓಎಸ್ ಅನ್ನು ಆಪಲ್‌ನ ಯಂತ್ರದ ಹೊರಗೆ ಓಡಿಸಲು ಅದರ ಪರವಾನಗಿ ಒಪ್ಪುವುದಿಲ್ಲ. ಕೈಯಲ್ಲಿ ಮ್ಯಾಕ್ ಇಲ್ಲದ, ಮುಕ್ತ ಆಕರ ಯೋಜನೆ ನಡೆಸುವವರಿಗೆ ಗಿಟ್‌ಹಬ್ ಆಕ್ಷನ್ಸ್ ಒಳ್ಳೆಯ ದಾರಿ. ಸಾರ್ವಜನಿಕ ರೆಪೊಸಿಟರಿಗಳಿಗೆ ಅದರ ಸಾಮಾನ್ಯ ಮ್ಯಾಕ್ ಮತ್ತು ವಿಂಡೋಸ್ ಯಂತ್ರಗಳಿಗೆ ಶುಲ್ಕವಿಲ್ಲ. ಖಾಸಗಿ ರೆಪೊಸಿಟರಿಯಲ್ಲಿ ಮ್ಯಾಕ್ ನಿಮಿಷಗಳು ಲಿನಕ್ಸ್‌ಗಿಂತ ದುಬಾರಿ, ಆದ್ದರಿಂದ ಪ್ರತಿ ಕಮಿಟ್‌ಗೆ ಬದಲು ಬಿಡುಗಡೆಗೆ ಮುನ್ನ ಮಾತ್ರ ಓಡಿಸಬಹುದು. ಅಲ್ಲಿ ಸಿಗುವ ರನ್ನರ್-ಓಎಸ್ ವೇರಿಯಬಲ್ ಅನ್ನು ಸ್ಕ್ರಿಪ್ಟ್‌ನೊಳಗೆ ನೆಚ್ಚಬೇಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಇರುವುದಿಲ್ಲ.

ಯಾವ ದಾರಿ ಆರಿಸಿದರೂ ಕೇಸ್‌ನ ಕೊನೆಯ ಕವಲನ್ನು ಬರೆಯದೆ ಬಿಡಬೇಡಿ. ಗುರುತು ಸಿಗದಿದ್ದಾಗ ಲಿನಕ್ಸ್ ಎಂದುಕೊಂಡು ಮುಂದುವರಿಯುವ ಸ್ಕ್ರಿಪ್ಟ್ ಇನ್ನೊಬ್ಬರ ಫೈಲ್‌ಗಳ ಮೇಲೆ ಕೈ ಹಾಕುತ್ತದೆ. ಅಲ್ಲಿ ನಿಂತು, ಯುನೇಮ್ ಕೊಟ್ಟ ಉತ್ತರವನ್ನು ಇದ್ದ ಹಾಗೆಯೇ ದೋಷದ ಹೊರಹರಿವಿಗೆ ಮುದ್ರಿಸಿ, ಸೊನ್ನೆಯಲ್ಲದ ಸಂಕೇತದೊಂದಿಗೆ ಹೊರಬರಲಿ. ಜೊತೆಗೆ, ಬಳಕೆದಾರರೇ ಸಿಸ್ಟಂ ಹೆಸರನ್ನು ಕೊಟ್ಟು ಗುರುತಿಸುವಿಕೆಯನ್ನು ಮೀರಲು ಒಂದು ವೇರಿಯಬಲ್ ಇಡಿ. ನಿಮ್ಮ ಮುಂದಿನ ಆವೃತ್ತಿಗೆ ಕಾಯದೆ ಅವರು ಅಂದೇ ಕೆಲಸ ಮುಗಿಸಿಕೊಳ್ಳುತ್ತಾರೆ.